ಹತ್ತು ಮೀಟರಿನ ಲೆಕ್ಕ

ನೀರಿಗಾಗಿ ಅಲ್ಲ ಎಂದು ಮೊದಲೇ ಹೇಳಿಬಿಡಬೇಕು.
ರಿಗ್ ಲಾರಿ ಅಂಗಳಕ್ಕೆ ತಿರುಗಿದೊಡನೆ
ಶಾಲೆ ಬಸ್ಸಿಗೆ ನಿಂತ ಮಕ್ಕಳು ಕೇಳಿಯೇ ಕೇಳುತ್ತಾರೆ:
ಎಣ್ಣೆಯಾ? ಚಿನ್ನವಾ?
ಬಿಸಿ, ಅನ್ನುತ್ತೇನೆ.
ನಗುತ್ತವೆ. ಮೈನಸ್ ಹದಿನೇಳರಲ್ಲಿ
ನಗುವಿಗೂ ಹೊಗೆ.

ನಿಜ ಹೇಳಿದರೆ ಬಿಸಿಯೂ ಅಲ್ಲ ಅದು.
ಕೆಳಗೆ, ಬಂಡೆಯ ಹೊಟ್ಟೆಯಲ್ಲಿ, ನಾಲ್ಕೂವರೆ ಡಿಗ್ರಿ.
ಕೈಯಿಟ್ಟರೆ ಜುಮ್ಮೆನ್ನುತ್ತದೆ.
ಆದರೆ ಜನವರಿಗೂ ಅಷ್ಟೇ, ಜುಲೈಗೂ ಅಷ್ಟೇ.
ಏರದ ಇಳಿಯದ ಆ ಅಲ್ಪವನ್ನೇ
ಹಿಂಡಿ ಹಿಂಡಿ
ನೆಲಮಾಳಿಗೆಯ ಬಿಳಿ ಪೆಟ್ಟಿಗೆ ಐವತ್ತಕ್ಕೆ ಮುಟ್ಟಿಸುತ್ತದೆ,
ಜಿಪುಣನ ಗಂಟು ಬಿಚ್ಚಿ ಮದುವೆ ಮಾಡಿದ ಹಾಗೆ.

ಓಸ್ಟರ್‌ಸುಂಡ್ ದಾಟಿ ನಲವತ್ತು ಕಿಲೋಮೀಟರ್,
ಸ್ವೀಡನ್ನಿನ ನಕಾಶೆ ಮರೆತ ಒಂದು ಓಣಿ, ಎರಡು ಮನೆ.
ಹಳದಿಯದು ಗುನ್‌ವೋರಳದು. ಶಾಲೆಯಲ್ಲಿ ಅಡುಗೆಯವಳು,
ಸೌದೆ ಸೀಳಿ ಸೀಳಿ ಬಲಭುಜ ಸೋತಿದೆ,
ಅದಕ್ಕೇ ನಾನು ಬಂದದ್ದು.
ಕೆಂಪಿನದು ಹಾಲ್ವಾರ್‌ನದು.
ನಡುವೆ ಒಂದು ಬರ್ಚ್ ಮರದ ಬೊಡ್ಡೆ.
ಮರ ಕಡಿದವರು ಯಾರು, ಯಾಕೆ, ಕೇಳಬೇಡಿ.
ಹನ್ನೊಂದು ವರ್ಷದಿಂದ
ಆ ಬೊಡ್ಡೆಯ ಆಚೆ ಈಚೆ ಮಾತಿಲ್ಲ.

ಗಡಿಯಿಂದ ಹತ್ತು ಮೀಟರ್ ಬಿಡಿ, ಅನ್ನುತ್ತದೆ ಪುರಸಭೆಯ ಕಾಗದ.
ನಾಳೆ ಪಕ್ಕದವನೂ ಕೊರೆದು
ಇಬ್ಬರೂ ಒಂದೇ ಬಂಡೆಯಿಂದ ಉಂಡರೆ
ವರ್ಷ ವರ್ಷ ಬಂಡೆ ಸೊರಗುತ್ತದೆ.
ನನ್ನ ಟೇಪು ಏಳಕ್ಕೇ ನಿಂತಿತು.
ಆ ಕಡೆ ಸೆಪ್ಟಿಕ್ ಟ್ಯಾಂಕು, ಈ ಕಡೆ ಕರೆಂಟಿನ ಕೇಬಲ್ಲು.
ಅವನ ಸಹಿ ಬೇಕಾಗುತ್ತದೆ, ಅಂದೆ.
ಗುನ್‌ವೋರ್ ಕಾಫಿ ಲೋಟ ಕೆಳಗಿಟ್ಟಳು.
"ನೀನೇ ಹೋಗು."

ಹೋದೆ. ಹಾಲ್ವಾರ್ ಓದಿದ.
ಮಗುಚಿ, ಹಿಂದಿನ ಖಾಲಿ ಪುಟವನ್ನೂ ಓದಿದ.
ಪೆನ್ನು ತರಲು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ.
ನಾನು ಅವನ ಕಿಟಕಿ ನೋಡುತ್ತಿದ್ದೆ:
ಗಾಜಿನ ಒಳಮೈಗೇ ಹಿಮ ಹತ್ತಿತ್ತು.
ಕೊನೆಗೆ ಸಹಿ ಹಾಕಿ ಅಂದ,
"ವಾಲಿಸಿ ಕೊರೆ. ಅವಳ ಅಡುಗೆಮನೆ ಕಡೆಗೆ.
ನನ್ನ ಕಡೆಗಲ್ಲ."

ವಾಲಿಸಿದೆ. ಎಂಟು ಡಿಗ್ರಿ.

ಎರಡು ದಿನ ಇಡೀ ಓಣಿ ಹಲ್ಲು ಕಡಿಯಿತು.
ತೊಟ್ಟಿಗೆ ಬೂದು ಕೆಸರು, ಮತ್ತೆ ಬೂದು, ಮತ್ತೆ ಬೂದು.
ಎಪ್ಪತ್ತನಾಲ್ಕರಲ್ಲಿ ಬಿರುಕು. ನೀರು.
ಬೇರೆಲ್ಲೋ ಆಗಿದ್ದರೆ ಸಕ್ಕರೆ ಹಂಚುತ್ತಿದ್ದರೇನೋ,
ನಾನು ಬೈದುಕೊಂಡೆ.
ಸಂಜೆಗೆ ಹಾಲ್ವಾರ್‌ನ ನಲ್ಲಿಯಲ್ಲಿ ಸಿಮೆಂಟಿನ ಹಾಲು.
ವಾಲಿದ್ದು ನನ್ನ ಸರಳು ಮಾತ್ರ,
ಬಿರುಕು ಯಾರ ಕಾಗದ ಓದಿದೆ?

ನೀರು ತಿಳಿಯಾಗಲು ವಾರ ಬೇಕು ಅಂದೆ, ಇಬ್ಬರಿಗೂ, ಬೇರೆ ಬೇರೆಯಾಗಿ.
ಮರುದಿನ ಬೊಡ್ಡೆಯ ಮೇಲೆ
ಶಾಲೆಯ ಸೂಪಿನ ಡಬ್ಬಿ, ಸ್ಟೀಲಿನದು,
ಇಪ್ಪತ್ತು ಲೀಟರ್ ನೀರು.
ಸಂಜೆಗೆ ಅದೇ ಬೊಡ್ಡೆಯ ಮೇಲೆ ಖಾಲಿ ಡಬ್ಬಿ.
ಗುರುವಾರ ಕಳೆದು ಶುಕ್ರವಾರ
ಖಾಲಿ ಡಬ್ಬಿಯೊಳಗೆ ಒಂದು ಚೀಟಿ:
"ನೀರಿಗೆ ಬಟಾಣಿ ಸೂಪಿನ ವಾಸನೆ."
ಹನ್ನೊಂದು ವರ್ಷದಲ್ಲಿ ಮೊದಲ ವಾಕ್ಯ.
ಮೂರು ಸಲ ಓದಿದಳು.
ಸೋಡಾ ಹಾಕಿ ಡಬ್ಬಿ ತಿಕ್ಕಿದಳು, ಎಡಗೈಯಲ್ಲಿ.

ನೂರಾ ಎಂಬತ್ತಕ್ಕೆ ನಿಲ್ಲಿಸಿದೆ.
ಕಪ್ಪು ಕೊಳವೆಯ ಜೋಡಿ ಇಳಿಸಿ, ಸ್ಪಿರಿಟ್ಟು ಬೆರೆಸಿದ ನೀರು ತುಂಬಿ,
ಪಂಪ್ ಚಾಲೂ ಮಾಡಿದೆ.
ಹಳೆಯ ಬಾಯ್ಲರಿನ ಕಬ್ಬಿಣದ ಬಾಯಿ
ಮೊದಲ ಸಲ ತಣ್ಣಗೆ ತೆರೆದಿತ್ತು.
ಗುನ್‌ವೋರ್ ರೇಡಿಯೇಟರ್ ಮುಟ್ಟಿ, ಕೈ ತೆಗೆದು,
ಮತ್ತೆ ಮುಟ್ಟಿದಳು.

ಸಾಮಾನು ಲಾರಿಗೇರಿಸುವಾಗ ಹಾಲ್ವಾರ್ ಬೇಲಿಯ ತನಕ ಬಂದ.
ಬೆಲೆ ಕೇಳುತ್ತಾನೆ ಅಂದುಕೊಂಡೆ.
"ಆ ಪೆಟ್ಟಿಗೆ ಸದ್ದು ಮಾಡುತ್ತದಾ?"
ಫ್ರಿಜ್ಜಿನಷ್ಟು, ಅಂದೆ.
"ಹಾಗಾದರೆ ಇಲ್ಲಿಗೆ ಕೇಳಿಸುವುದಿಲ್ಲ."
ಸ್ವಲ್ಪ ತಡೆದು,
"ಐದು ಗಂಟೆಗೆ ಕೊಡಲಿ ಸದ್ದು ಕೇಳುತ್ತಿತ್ತು.
ನಾನು ಏಳುತ್ತಿದ್ದದ್ದೇ ಅದಕ್ಕೆ."

ಏನು ಹೇಳಲಿ, ನನ್ನದು ಕೊರೆಯುವ ಕೆಲಸ.
ತೊಟ್ಟಿಯ ಕೆಸರು ಅಷ್ಟರಲ್ಲೇ ಗಡ್ಡೆ ಕಟ್ಟಿತ್ತು.
ಗುದ್ದಲಿ ತೆಗೆದುಕೊಂಡೆ.
ಇನ್ನೊಂದು ಗುದ್ದಲಿ ಎಲ್ಲಿ, ಅಂತ ಅವನೇ ಕೇಳಿದ.