ದನಿ ಸ್ವಲ್ಪ ಏರಿಸು

ಫೈರ್ ಸ್ಟೇಷನ್ನಿನ ನೆಲಮಾಳಿಗೆ. ತಲೆಯ ಮೇಲೆ
ಲಾರಿ ಹೊರಟರೆ ನಮ್ಮ ಮೈಕುಗಳೆಲ್ಲ ನಡುಗುತ್ತಿದ್ದವು.
ಎಲ್ಲೋ ಬೆಂಕಿ ಬಿದ್ದಿದೆಯೆಂದು ಊರಿಗೆ
ಮೊದಲು ತಿಳಿಯುತ್ತಿದ್ದುದು ಹೀಗೆ:
ಬಟಾಣಿ ಸೂಪು ಕಲಿಸುತ್ತಿದ್ದ ಓಡೀಲ್ ಶಾಸೆ
ಸೌಟು ಕೆಳಗಿಟ್ಟು, "ದೇವರೇ, ಯಾರ ಮನೆಯೋ" ಎಂದು
ಎದೆಯ ಮೇಲೆ ಶಿಲುಬೆ ಗೀಚಿಕೊಳ್ಳುತ್ತಿದ್ದಳು,
ನೇರ ಪ್ರಸಾರದಲ್ಲಿ.

ಚಾನೆಲ್ ಒಂಬತ್ತು. ಕಾಗದದ ಮಿಲ್ಲಿನ ಊರು,
ಮೇಯ್ನ್ ರಾಜ್ಯದ ಬಡಗಣ ತುದಿ.
ಹದಿನಾರಕ್ಕೆ ಬಂದೆ. ನಾರ್ಬರ್ಟ್ ಲೆವೆಕ್
ಹೆಗಲಿಗೆ ಕ್ಯಾಮೆರಾ ಏರಿಸಿ ಹೇಳಿದ್ದು ಎರಡೇ ಮಾತು:
ಉಸಿರು ಹಿಡಿ.
ಮಾತಾಡುವವರನ್ನು ಬಿಟ್ಟು ಆಗಾಗ
ಕೇಳುವವರನ್ನೂ ತೋರಿಸು.

ಏನೇನು ತೋರಿಸಿಲ್ಲ!
ಶಾಲಾ ಮಂಡಳಿ ಒಂದು ಬಸ್ಸಿಗಾಗಿ ನಡುರಾತ್ರಿಯ ತನಕ ಕಿತ್ತಾಡಿದ್ದು.
ಹಾಕಿ ಪಂದ್ಯದಲ್ಲಿ ಗೋಲಾಗುವ ಗಳಿಗೆಗೇ ಟೇಪು ಮುಗಿದದ್ದು:
ಆ ಹುಡುಗನಿಗೆ ಈಗ ಬೋಳುತಲೆ, ಇನ್ನೂ ನನ್ನ ಮೇಲೆ ಸಿಟ್ಟು.
ಮಿಲ್ಲು ಮುಚ್ಚಿದ ವಾರ ಕ್ಯಾಮೆರಾ ಮುಂದೆ ಕುರ್ಚಿಯೊಂದಿಟ್ಟು
ಬಂದವರು ಕೂತು ಏನಾದರೂ ಹೇಳಲಿ ಎಂದೆವು.
ಒಬ್ಬಾತ ಹನ್ನೊಂದು ನಿಮಿಷ ಸುಮ್ಮನೆ ಕೂತು
ಟೋಪಿ ತಿರುವಿ ತಿರುವಿ ಎದ್ದುಹೋದ.
ಕತ್ತರಿಸಲಿಲ್ಲ. ಹಾಗೇ ಬಿಟ್ಟೆವು.
ಮರುದಿನ ಅಂಗಡಿಯಲ್ಲಿ ಯಾರೂ ಆ ಮಾತೆತ್ತಲಿಲ್ಲ,
ಅವನ ಬ್ರೆಡ್ಡಿನ ದುಡ್ಡು ಮಾತ್ರ
ಯಾರೋ ಕೊಟ್ಟಾಗಿತ್ತು.

ಆಮೇಲೆ ಬಂದವಳು ಫಾದುಮೋ ವರ್ಸಮೆ.
ಹಿಮ ಬಿದ್ದ ರಾತ್ರಿ ಕಾರು ಎಲ್ಲಿ ನಿಲ್ಲಿಸಬಾರದೆಂದು
ಅವಳು ಸೋಮಾಲಿಯಲ್ಲಿ ಓದಿದಳು, ಓಡೀಲ್ ಫ್ರೆಂಚಿನಲ್ಲಿ,
ನಾನು ಇಂಗ್ಲಿಷಿನಲ್ಲಿ. ಹಿಮಕ್ಕೆ ಮೂರೂ ಬರುತ್ತಿರಲಿಲ್ಲ;
ಎಲ್ಲರ ಕಾರೂ ಸಮಾನವಾಗಿ ಹೂತುಹೋದವು.

ಹಿತ್ತಿಲ ಗಿಡ ಮದ್ದಲ್ಲ, ನಿಜ.
ಜನ ಕೇಬಲ್ ಕಿತ್ತರು. ಕಂಪನಿ ಕೊಡುತ್ತಿದ್ದ ಚೂರುಪಾರು ಹಣ
ಚಿಲ್ಲರೆಯಾಯಿತು. ಒಂಬತ್ತು ಹೋಗಿ
ಸಾವಿರದ ಮುನ್ನೂರ ಒಂದಾಯಿತು,
ಉಂಗುರ, ಚಾಕು, ಕಂಬಳಿ ಮಾರುವ ಚಾನೆಲ್ಲುಗಳ ಆಚೆ.
ಯಾರ ಹೆಬ್ಬೆರಳೂ ಅಷ್ಟು ದೂರ ನಡೆಯುವುದಿಲ್ಲ.
ಈಗ ಕಂಡುಕೇಳದ ನಗರದ ಕೊಲೆ ನಮಗೆ ಗೊತ್ತು,
ಪಕ್ಕದ ಬೀದಿಯ ನೀರಿನ ಪೈಪು ಒಡೆದದ್ದು ಗೊತ್ತಿಲ್ಲ.
ನನ್ನ ಮನೆಯಲ್ಲೂ ಕೇಬಲ್ಲಿಲ್ಲ. ಮೂರು ವರ್ಷವಾಯಿತು.
ಯಾರಿಗೂ ಹೇಳಿರಲಿಲ್ಲ.

ಮಾರ್ಚಿಯ ಮಂಗಳವಾರ ಊರ ಸಭೆ.
ಹದಿಮೂರನೆಯ ಬಾಬು, ಸೇತುವೆಗೆ ಬಣ್ಣ.
ಹದಿನಾಲ್ಕು, ಚಾನೆಲ್ ಮುಚ್ಚುವುದು.
ಕ್ಯಾಮೆರಾ ಹಿಂದೆ ನಾನೇ.
ಸದಸ್ಯ ಪ್ರೆಸ್ಕಾಟ್ ಡನಮ್, ಕೆಟ್ಟವನೇನಲ್ಲ,
ಕನ್ನಡಕ ತೆಗೆದು ಒರೆಸುತ್ತ ಕೇಳಿದ:
"ನಿಜ ಹೇಳಿ, ಇದನ್ನು ಯಾರು ನೋಡುತ್ತಾರೆ?"
ಹೀಟರಿನ ಸದ್ದು.
ಕೇಳುವವರತ್ತ ತಿರುಗಿಸಿದೆ: ಆರು ಜನ.
ಒಬ್ಬಳು ಕಾಲುಚೀಲ ಹೆಣೆಯುತ್ತಿದ್ದಳು, ಒಬ್ಬನಿಗೆ ನಿದ್ದೆ.
ಐದಕ್ಕೆ ಎರಡು ಮತ. ಎತ್ತಿದ ಐದೂ ಕೈಗಳನ್ನು
ಚೊಕ್ಕ ಫೋಕಸಿನಲ್ಲಿ ಹಿಡಿದೆ,
ನನ್ನ ಕೊರಳು ಕುಯ್ಯುವವರಿಗೆ ನಾನೇ ದೀಪ ಹಿಡಿದ ಹಾಗೆ.

ಆಗ ಜೇಬಿನಲ್ಲಿ ಸ್ಟುಡಿಯೋದ ಫೋನು ಗುರ್‌ಗುಟ್ಟಿತು.
ಓಡೀಲ್. ಎಂಬತ್ತೆಂಟು ಅವಳಿಗೆ.
"ಮಗೂ, ಆ ಕನ್ನಡಕದವನು ಏನೋ ಕೇಳಿದನಲ್ಲ,
ಸರಿಯಾಗಿ ಕೇಳಿಸಲಿಲ್ಲ. ದನಿ ಸ್ವಲ್ಪ ಏರಿಸು."

ಏರಿಸಿದೆ.
ಹದಿನೈದನೆಯ ಬಾಬು, ನಾಯಿ ಪರವಾನಗಿಯ ಶುಲ್ಕ.
ನಲವತ್ತು ನಿಮಿಷ ನಡೆಯಿತು.
ಒಂದು ಕೆಮ್ಮನ್ನೂ ಬಿಡಲಿಲ್ಲ ನಾನು.