ಒಂದು ತಾಸು ಹದಿನೇಳು ನಿಮಿಷ

ನಲವತ್ತು ರೂಪಾಯಿ ಕಡಿಮೆ ಬಿದ್ದಿತ್ತು ಅವನಿಗೆ.
ಕಾಣಕೋಣದ ಗಾಡಿ, ಹದಿನಾಲ್ಕು ಬ್ಲಾಕ್ ಐಸು,
ಬೆಳಗಿನ ಜಾವ ಮೂರೂಕಾಲು.
ಟೇಪಿನ ಬಾಯಿಂದ ಪೆನ್‌ಡ್ರೈವ್ ಕಿತ್ತು
ನನ್ನ ಮರಗಟ್ಟಿದ ಅಂಗೈಯಲ್ಲಿಟ್ಟು
"ಅಡವು ಅಂತ ಇಟ್ಕೋ, ಮಂಗಳವಾರ ಬರ್ತೆ" ಎಂದ.
ಯಾವ ಮಂಗಳವಾರ ಅಂತ ಹೇಳಲಿಲ್ಲ.

ಅದರಲ್ಲಿದ್ದದ್ದು ಒಂದೇ ಫೈಲು. ಹೆಸರಿಲ್ಲ.
ಒಂದು ತಾಸು ಹದಿನೇಳು ನಿಮಿಷ.

ಬೈತಖೋಲದ ಐಸ್ ಫ್ಯಾಕ್ಟರಿಯ ರಾತ್ರಿಪಾಳಿಯಲ್ಲಿ
ನಾನು, ಅಮೋನಿಯಾ ವಾಸನೆ, ಕಂಪ್ರೆಸರು.
ಬ್ಯಾಟರಿ ಸ್ಪೀಕರಿಗೆ ಚುಚ್ಚಿದೆ.
ಮೊದಲು ಚರಚರ, ಬಾಣಲೆಗೆ ಬಂಗಡೆ ಬಿಟ್ಟ ಹಾಗೆ.
ಆಮೇಲೆ ಡ್ರಮ್ಮು: ಒಂದು ಗುದ್ದು, ಒಂದು ಚಪ್ಪಾಳೆ,
ಕುಂಟುವವನೊಬ್ಬ ಅವಸರವಿಲ್ಲದೆ ಮೆಟ್ಟಿಲಿಳಿದಂತೆ.
ಅದರ ಮೇಲೆ ಪಿಯಾನೋದ ನಾಲ್ಕೇ ನಾಲ್ಕು ಹನಿ.
ಮತ್ತೆ ಅದೇ ನಾಲ್ಕು.
ಮತ್ತೆ ಅದೇ.
ಸರಿ, ಈಗ ಹಾಡುವವನು ಬರ್ತಾನೆ ಅಂದುಕೊಂಡೆ.
ಡಬ್ಬಿ ಎತ್ತಿದೆ, ಇಳಿಸಿದೆ, ಉಪ್ಪುನೀರಿನ ತೊಟ್ಟಿ ಮುಚ್ಚಿದೆ.
ಬರಲಿಲ್ಲ.

ಐದಕ್ಕೆ ಬುಟ್ಟಿ ಹೊತ್ತು ಬಂದ ಸುರಂಗಾ ತಾಂಡೇಲ
ಕಿವಿಗೊಟ್ಟು ನಿಂತಳು.
"ಎಂತದಾ ಇದು? ಯಾರು ಹಾಡೂದು?"
"ಯಾರೂ ಇಲ್ಲ ಬಾಯಿ."
"ಮತ್ತೆ ಇಷ್ಟೊತ್ತು ಯಾರಿಗೆ ಕಾಯ್ತಾ ಕೂತಿದ್ದೆ?"

ಇಪ್ಪತ್ತೆರಡನೇ ನಿಮಿಷಕ್ಕೆ ಕೆಟ್ಟುಹೋಯಿತು.
ಸ್ವರ ಮುಂದೆ ಹೋಗಲಾರದೆ ಹಿಂದೆ ಬಂದು,
ಹಿಂದೆಯೂ ನಿಲ್ಲಲಾರದೆ ಮುಂದೆ ಜಾರಿ,
ಕಿಸಿಕ್ ಕಿಸಿಕ್.
ಮುಶ್ತಾಕನ ಮೊಬೈಲ್ ಅಂಗಡಿಗೆ ಒಯ್ದೆ.
ಅವನು ಬಾಯಲ್ಲಿ ಸ್ಕ್ರೂ ಇಟ್ಟುಕೊಂಡೇ ನಕ್ಕ.
"ಕೆಟ್ಟದ್ದಲ್ಲ ಮಾರಾಯ, ಬೇಕಂತ್ಲೇ ಮಾಡಿದ್ದು.
ತಿರುಗೋ ತಟ್ಟೆ ಮೇಲೆ ಕೈಯಿಟ್ಟು ಎಳೀತಾರೆ.
ಇದು ಹಿಪ್‌ಹಾಪು, ಮಾತು ತೆಗೆದದ್ದು.
ಮುಂದಿಂದು ಎಲೆಕ್ಟ್ರೋ. ಅದರ ಮುಂದಿಂದು
ಅಲ್ಲಾನಿಗೇ ಗೊತ್ತು."
ಫೋನಿಗೂ ಒಂದು ಹಾಕಿಕೊಟ್ಟ, ದುಡ್ಡು ಮುಟ್ಟಲಿಲ್ಲ.

ಮರುದಿನ ಜಟ್ಟಿಯ ಕಲ್ಲಿನ ಮೇಲೆ
ಸುರಂಗಾ ಕೆಂಬೇರಿಯ ಹುರುಪೆ ಕೆರೆಯುತ್ತಿದ್ದಳು,
ಬಾಲದಿಂದ ತಲೆಗೆ ಸರ್ರ್, ತಲೆಯಿಂದ ಬಾಲಕ್ಕೆ ಸರ್.
ನಾನು ಚಹಾದ ಲೋಟ ಹಿಡಿದವನು ಹಾಗೇ ನಿಂತೆ.
ಹಾಡುವವನಿಲ್ಲ ಅಂದಿದ್ದೆನಲ್ಲ, ಇದ್ದ.
ಗಂಟಲಲ್ಲಲ್ಲ,
ಉಗುರಿನಲ್ಲಿ.

ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗ ಮಾತ್ರ
ಹನ್ನೊಂದು ರಾತ್ರಿ ಕಾದರೂ ಸಿಗಲಿಲ್ಲ.
ಕುಂಟನ ಮೆಟ್ಟಿಲು ಇಳಿಯುತ್ತಿದ್ದ ಹಾಗೇ
ಎಲ್ಲೋ ತಗಡಿನ ಕಪ್ಪೆಗಳ ದಂಡು ವಟಗುಟ್ಟಿ,
ಅಷ್ಟರಲ್ಲಿ ಕುಂಟ ಎಲ್ಲಿ?
ಕೋಡಿಬಾಗದ ಕಾಳಿ ಬಾಯಲ್ಲಿ
ಅಪ್ಪ ಸೊಂಟದ ತನಕ ಇಳಿದು ತಿಸರೆ ಹೆಕ್ಕುತ್ತ
ನೀರು ನಾಲಿಗೆಗೆ ಹಚ್ಚಿ ಹೇಳುತ್ತಿದ್ದ:
ಇದು ಹೊಳೆ. ಇದೂ ಹೊಳೆ. ಇದೂ...
ಆಮೇಲೆ ಸುಮ್ಮನಾಗುತ್ತಿದ್ದ.
ಸಮುದ್ರ ಅಂತ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ.

ನಿನ್ನೆ ರಾತ್ರಿ ಎರಡೂವರೆಗೆ ಕರೆಂಟು ಹೋಯಿತು.
ಕಂಪ್ರೆಸರು ಕೆಮ್ಮಿ, ಕೆಮ್ಮಿ, ನಿಂತಿತು.
ಸ್ಪೀಕರು ನಿಲ್ಲಲಿಲ್ಲ.
ಆದರೆ ಹಾಡು ಇದ್ದಕ್ಕಿದ್ದಂತೆ ಎಷ್ಟು ತೆಳ್ಳಗೆ!
ಎದೆಗೂಡಿನೊಳಗೆ ಬಂದು ಕೂರುತ್ತಿದ್ದ ಆ ದಪ್ಪ ಸ್ವರ,
ಇಷ್ಟು ದಿನ ನಾನು ತಲೆದೂಗುತ್ತಿದ್ದದ್ದು,
ನಮ್ಮ ಮೋಟರಿನದು.

ಕತ್ತಲಲ್ಲಿ ಒಬ್ಬನೇ ನಕ್ಕೆ.
ಡಬ್ಬಿಗಳಲ್ಲಿ ಐಸು ಟಿಕ್ಕೆಂದು ಸೀಳುತ್ತಿತ್ತು.

ಕರೆಂಟು ಬಂತು. ಮೋಟರು ಎದ್ದಿತು,
ಹಾಡಿಗೆ ಅರ್ಧ ಹೆಜ್ಜೆ ಹಿಂದೆ.
ಬಸ್ಸಿನ ಬಾಗಿಲಲ್ಲಿ ಇಬ್ಬರು ದಪ್ಪನವರು ಸಿಕ್ಕಿಕೊಂಡ ಹಾಗೆ
ಒಂದನ್ನೊಂದು ನೂಕಿದವು.
ಪೆನ್‌ಡ್ರೈವ್ ತೆಗೆದೆ, ಫೋನು ಸಿಕ್ಕಿಸಿದೆ.
ಹೆಬ್ಬೆರಳೊತ್ತಿ ಹಾಡನ್ನು ಹಿಡಿದೆ.
ಮೋಟರಿನ ಗುದ್ದು ಎಣಿಸಿದೆ. ಬಿಟ್ಟೆ.
ತಡವಾಯಿತು.
ಮತ್ತೆ ಹಿಡಿದೆ. ಬಿಟ್ಟೆ. ಬೇಗವಾಯಿತು.
ಬೆರಳು ಚಳಿಗೆ ಸೆಟೆದಿತ್ತು, ಬಾಯಿಗಿಟ್ಟು ಊದಿದೆ.
ಹಿಡಿದೆ.
ಮೂರು, ನಾಲ್ಕು,
ಬಿಟ್ಟೆ.

ಆ ಕಾಣಕೋಣದವನು ಬರಲಿ,
ಲೆಕ್ಕ ಹೊಸದಾಗಿ ಮಾಡಬೇಕು.