ಅರವತ್ತೊಂದರವರೆಗೆ

ಕನ್ನಡದಲ್ಲಿ ಪೋಕರ್ ಪುಸ್ತಕ ಇದೆಯಾ ಎಂದೆ.
ಚಿಕ್ಕಮಗಳೂರು ಮಾರ್ಕೆಟ್ ರಸ್ತೆಯ ಹಳೇ ಪುಸ್ತಕದಂಗಡಿಯ ಅಜ್ಮತ್
ಏಣಿ ಹತ್ತಿ, ದೂಳು ಕೊಡವಿ, ಇಳಿದು ಬಂದು ಕೊಟ್ಟದ್ದು
ಇಸ್ಪೀಟೆಲೆ ನೋಡಿ ಭವಿಷ್ಯ ಹೇಳುವ ವಿಧಾನ.
ಆಟೀನ್ ರಾಣಿ ಬಂದರೆ ಮದುವೆಯಂತೆ.
ನನಗೆ ನಲವತ್ತೆಂಟು. ಆಟೀನ್ ರಾಣಿ
ಕಳೆದ ಶನಿವಾರವೂ ಬಂದಿದ್ದಳು,
ಜೋಡಿಯಿಲ್ಲದೆ ಕೂತಿದ್ದಳು, ನಾನೇ ಎಸೆದೆ.

ಇಂಗ್ಲಿಷಿನವು ಮೂರಿದ್ದವು.
ಒಂದು ದಪ್ಪ. ಬರೀ ಲೆಕ್ಕ:
ಐವತ್ತೆರಡರಲ್ಲಿ ಇಷ್ಟು ಹೋದರೆ ಉಳಿದದ್ದೆಷ್ಟು,
ನೂರಕ್ಕೆ ಎಷ್ಟು ಸಲ, ಯಾವ ಬೆಲೆಗೆ ಮುಂದುವರಿಯಬಹುದು.
ಹಗಲೆಲ್ಲ ಕ್ಯೂರಿಂಗ್ ವರ್ಕ್ಸಿನಲ್ಲಿ ಔಟ್‌ಟರ್ನ್ ಬರೆದು
ಸಂಜೆಗೂ ಅದೇನಾ?
ಇನ್ನೊಂದು ಮುಖ ಓದುವುದನ್ನು ಕಲಿಸುತ್ತದೆ.
ಮೂಗು ಮುಟ್ಟಿಕೊಂಡರೆ ಸುಳ್ಳು, ಉಸಿರು ಬಿಗಿಹಿಡಿದರೆ ನಿಜ.
ಲ್ಯಾಬಿನ ಕುಮುದಾಕ್ಷಿಗೆ ಹನ್ನೆರಡು ತಿಂಗಳೂ ನೆಗಡಿ.
ಅವಳ ಮೂಗು ನಂಬಿ ಆಡಿದರೆ ನಾನು ದಿವಾಳಿ.

ದಿವಾಳಿ ಅಂದರೂ ಬೀಜದಲ್ಲಿ. ದುಡ್ಡು ಕಟ್ಟುವುದಿಲ್ಲ ನಾವು.
ಗೋದಾಮು ಗುಡಿಸಿದಾಗ ಸಿಕ್ಕ ಅರೇಬಿಕಾವೇ ಪಣ,
ಚಪ್ಪಟೆಗೆ ಒಂದು, ಪೀಬೆರಿಗೆ ಹತ್ತು.
ವೇಬ್ರಿಡ್ಜಿನ ತೋಟಪ್ಪ ಒಮ್ಮೆ
ಮನೆಯಿಂದ ಒಂದು ಹಿಡಿ ಪೀಬೆರಿ ಜೇಬಿಗೆ ಹಾಕಿಕೊಂಡು ಬಂದಿದ್ದ.
ರೊಬಸ್ಟಾ!
ಬೀಜ ಆರಿಸುವವರ ನಡುವೆ ಆಡುವ ಕಳ್ಳಾಟವೇ ಅದು?

ಮೂರನೆಯದರ ಬೆನ್ನು ಮುರಿದಿತ್ತು. ನಲವತ್ತು ರೂಪಾಯಿ.
ಪುಸ್ತಕವನ್ನು ನಾನು ಮೊದಲಿಂದ ನೋಡುವವಳಲ್ಲ.
ಮೂಟೆಯ ಬಾಯಿಗೆ ಎಲ್ಲರೂ ಒಳ್ಳೇ ಬೀಜವನ್ನೇ ತುಂಬುತ್ತಾರೆ;
ಹೊಟ್ಟೆಗೆ ಕೊಳವೆ ಚುಚ್ಚಿದಾಗ ಅಂಗೈಗೆ ಉದುರುತ್ತದಲ್ಲ,
ಅದು ಮಾಲು.
ಹಾಗೇ ಹೆಬ್ಬೆರಳು ತೂರಿಸಿ ತೆರೆದೆ.
ಅಂಚಿನಲ್ಲಿ ಪೆನ್ಸಿಲ್ಲು, ಕನ್ನಡ:
'ಇಲ್ಲಿ ಎದ್ದುಬಿಡಬೇಕು. ನಾನು ಏಳುವುದಿಲ್ಲ.'
ಇನ್ನೊಂದೆಡೆ: 'ಸಣ್ಣ ಜೋಡಿಗೆ ದೊಡ್ಡ ಪಣ. ಕೆಟ್ಟ ಚಾಳಿ.
17ನೇ ತಾರೀಕಿನಿಂದ ಬಿಡುವುದು.'

ಆ ಏಳರ ನಡುವೆ ಒಂದು ಅಡ್ಡಗೆರೆ.
ಹತ್ತೊಂಬತ್ತು ವರ್ಷದಿಂದ ಅದೇ ಏಳನ್ನು
ಗೋದಾಮಿನ ಚೀಟಿಗಳಲ್ಲಿ ಓದುತ್ತ ಬಂದಿದ್ದೇನೆ.
ಸಮೀವುಲ್ಲಾನ ಏಳು.

ಯಾರು ಕೊಟ್ಟರು ಇದನ್ನ, ಎಂದೆ.
ಪೇಪರಿನ ಜೊತೆ ತೂಕಕ್ಕೆ ಬಂತಕ್ಕ, ಎಂದ ಅಜ್ಮತ್.
ಚೌಕಾಸಿ ಮಾಡಲಿಲ್ಲ.
ಯಾಕೋ, ಕದ್ದ ಮಾಲಿಗೆ ಚೌಕಾಸಿ ಮಾಡಿದಂತಾಗುತ್ತದೆ ಅನ್ನಿಸಿತು.

ಶನಿವಾರ ಅವನು ಎಂದಿನಂತೆ
ಅಂಗಿಯ ಚುಂಗಿನಿಂದ ಕನ್ನಡಕ ಒರೆಸಿ
ನಾಲ್ಕು ಪೀಬೆರಿ ನಡುವಿಗೆ ತಳ್ಳಿದ.
ಸಣ್ಣ ಜೋಡಿ. ನನಗೆ ಗೊತ್ತು. ಅವನೇ ಹೇಳಿದ್ದಾನೆ.
ನನ್ನ ಕೈಯಲ್ಲಿ ಇಬ್ಬರು ಗುಲಾಮರು.
ಗೆಲ್ಲುವ ಎಲೆ, ಬೆರಳಿಗೆ ಬಿಸಿ ತಾಗುವ ಎಲೆ.
ಫ್ಲಾಸ್ಕಿನಿಂದ ಅವನೇ ನನಗೂ ಚಹಾ ಬಗ್ಗಿಸಿ ಕೊಟ್ಟ,
ಸಕ್ಕರೆ ಕಮ್ಮಿ, ನೆನಪಿಟ್ಟುಕೊಂಡು.
ಎಲೆ ಬೋರಲು ಹಾಕಿದೆ.
ತೋಟಪ್ಪ ನಕ್ಕ. ಕುಮುದಾಕ್ಷಿ ಸೀನಿದಳು.
ಸಮೀವುಲ್ಲಾ ತಿರುಗಿಸಿ ತೋರಿಸಿದ: ಮೂರು, ಮೂರು.
ಹದಿನೇಳನೇ ತಾರೀಕು ಯಾವ ತಿಂಗಳದೋ.

ರಾತ್ರಿ ರಬ್ಬರು ಹಿಡಿದು ಕೂತೆ, ಅಳಿಸಿಬಿಡೋಣ ಎಂದು.
ಅಳಿಸುವುದಕ್ಕೂ ಓದಬೇಕಲ್ಲ.
ಅಕ್ಷರ ನೋಡದೆ ಹಾಳೆ ಮಗುಚುತ್ತ ಹೋದೆ.
ಅರವತ್ತೊಂದನೆಯ ಪುಟದಲ್ಲಿ ಪೆನ್ಸಿಲ್ಲು ನಿಂತಿತ್ತು.
ಅಲ್ಲಿಂದಾಚೆ ಅವನು ಬಂದೇ ಇಲ್ಲ,
ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.
ಹೇರ್‌ಪಿನ್ನಿನಿಂದ ಮೆಲ್ಲಗೆ ಬಿಡಿಸಿದೆ.

ಬೇರೆಯವರ ಚೀಟಿ ಕಟ್ಟಿಡುವ ಹಾಗೆ
ಮೊದಲ ಭಾಗಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ.
ಆದರೆ ಅರವತ್ತೊಂದರ ಬೆನ್ನಿಗೇ ಅಲ್ಲವೇ ಅರವತ್ತೆರಡು,
ಬ್ಯಾಂಡು ಅಡ್ಡ ಬಂದ ಎರಡು ಸಾಲು ಬಿಟ್ಟು ಓದಿದೆ.
ಇಂಗ್ಲಿಷು ಕಷ್ಟ.
ಪೆನ್ಸಿಲ್ಲು ಚೂಪು ಮಾಡಿಕೊಂಡೆ.